ಮಾನಿಟರ್ ಕಿತ್ಕೊಂಡೋನಿಗೆ

ಮಾರ್ಚ್ ೧೧, ಮಂಗಳವಾರ.

ಅಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಗುಜರಿ ಅಂಗಡಿಯಿಂದ ನಾನು ಹೊತ್ಕೊಂಡು ಬಂದ ಮಾನಿಟರನ್ನ ಮ್ಯಾಚ್ ನೋಡೋಕೆ ಅಂತ ತನ್ನ ರೂಮಿಗೆ ಎತ್ಕೊಂಡು ಹೋದ. "ಸ್ಕೂಲು ಬಿಟ್ಟೋಳಿಗೆ ಕಂಪ್ಯೂಟರ್ ಬೇರೆ ಕೇಡು" ಅಂದ. ಮೂತಿಗೆ ಗುದ್ದಬೇಕು ಅನ್ನಿಸ್ತು.

ಮಾನಿಟರ್ ಇಲ್ಲದೆ ನನ್ನ ಹಳೇ ಕಂಪ್ಯೂಟರ್ ಡಬ್ಬ ಆನ್ ಆಗ್ತಾನೇ ಇರ್ಲಿಲ್ಲ, ಪೀ ಪೀ ಅಂತ ಕೂಗಿ ನಿಂತುಬಿಡ್ತಿತ್ತು. ಇವತ್ತು ಮಾನಿಟರ್ ವೈರು ಚುಚ್ಚೋ ತೂತಿಗೆ, ಕೆಟ್ಟ ರೇಡಿಯೋದಿಂದ ಕಿತ್ತ ಒಂದು ರೆಸಿಸ್ಟರ್ ಸಿಕ್ಕಿಸಿದೆ. ಮಾನಿಟರ್ ಇದೆ ಅಂತ ನಂಬ್ಕೊಂಡು ಆನ್ ಆಯ್ತು, ಪೆದ್ದುಮುಂಡೇದು! ಇನ್ನು ಫೋನಿಂದಲೇ ಅದನ್ನ ಆಡಿಸಬಹುದು. ರಾತ್ರಿ ಮ್ಯಾಚ್ ಬಿಸಿಯೇರಿದಾಗ ಸಿಕ್ಕಸಿಕ್ಕ ವಿಡಿಯೋನೆಲ್ಲಾ ಡೌನ್‌ಲೋಡಿಗೆ ಹಾಕ್ದೆ. ಮನೆಯ ನೆಟ್ಟೆಲ್ಲಾ ಅದೇ ನುಂಗ್ತು.

"ಅಮ್ಮಾ, ಕೊನೇ ಓವರಲ್ಲಿ ನಿಂತೋಯ್ತು! ಇದು ಇವಳದ್ದೇ ಕೆಲಸ!" ಅಂತ ಪಕ್ಕದ ರೂಮಿಂದ ಅರಚಿದ.

"ಅವಳ ಮಾನಿಟರ್ ನಿನ್ನ ಹತ್ರಾನೇ ಇದ್ಯಲ್ಲೋ! ಅವಳೇನು ಊದುಬತ್ತಿ ಹಚ್ಚಿ ಕಂಪ್ಯೂಟರ್ ನಡೆಸ್ತಾಳಾ? ಸುಮ್ನೆ ಮಲಕ್ಕೋ" ಅಂತ ಅಮ್ಮ ಬೈದ್ಲು.

ಹೊದಿಕೆ ಬಾಯಿಗೆ ತುರುಕ್ಕೊಂಡು ನಕ್ಕೆ. ಹೊಟ್ಟೆ ತಣ್ಣಗಾಯ್ತು ಅಂದ್ಕೊಂಡೆ, ಆಗಿಲ್ಲ. ಅವನಾಗೇ ಮಾನಿಟರ್ ತಂದು ನನ್ನ ಮೇಜಿನ ಮೇಲೆ ಇಟ್ಟು ತಪ್ಪಾಯ್ತು ಅನ್ನೋ ತನಕ ಬಿಡಲ್ಲ.

ನಾಳೆ ಫೈನಲ್. ನೋಡೋಕೆ ಅವನ ಗೆಳೆಯರ ದಂಡೇ ಬರುತ್ತಂತೆ.

ಬರ್ಲಿ.