ಬೆನ್ನಿಗೆ ಗುಂಡಿಯಿದ್ದ ಬಸಿರು

ಭಾನುವಾರ, ಮಧ್ಯಾಹ್ನ
ಅಂಗಡಿಯ ಕಟಿಂಗ್ ಮೇಜಿನಿಂದ

ನನ್ನ ಬಾಬಿನ್ ಮರಿಗೆ, ಅಮ್ಮನ ಕಡೆಯಿಂದ ಎರಡು ಕೆನ್ನೆಗೂ ಮುತ್ತು.

ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನೂ ಚೆನ್ನಾಗಿದ್ದಾರೆ, ಬಲಗಾಲಿನ ಮಂಡಿಯೊಂದನ್ನು ಬಿಟ್ಟು. ಆ ಮಂಡಿ ನೋವಿಗೆ ನೀನೇ ಕಾರಣ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಯಾಕೆಂದು ಮುಂದೆ ಬರೆಯುತ್ತೇನೆ.

ನಿನ್ನ ಪತ್ರ ನಿನ್ನೆ ಬಂತು. ಫೋನಿನಲ್ಲಿ ಕೇಳಲು ಧೈರ್ಯ ಸಾಲದೆ ಬರೆದೆ ಎಂದಿದ್ದೀಯ. ತುಂಬಿದ ಸಭಾಂಗಣದಲ್ಲಿ ಮೈಕ್ ಹಿಡಿದು ಮಾತಾಡಿದವಳಿಗೆ ಅಮ್ಮನ ಮುಂದೆ ಬಾಯಿ ಕಟ್ಟಿತು ಎಂದರೆ ನಗು ಬರುತ್ತದೆ. ಆದರೂ ಒಳ್ಳೆಯದೇ ಆಯಿತು ಬಿಡು. ಫೋನಿನಲ್ಲಾದರೆ ನೀನೂ ಅಳುತ್ತಿದ್ದೆ, ನಾನೂ ಅಳುತ್ತಿದ್ದೆ, ನಡುವೆ ನಿನ್ನ ಅಪ್ಪ ಯಾರಿಗೇನಾಯಿತು ಎಂದು ಫೋನು ಕಿತ್ತುಕೊಳ್ಳುತ್ತಿದ್ದರು.

ಗರ್ಭಕೋಶ ಕಸಿಯ ಅಧ್ಯಯನಕ್ಕೆ ಹೆಸರು ಕೊಡಲೋ ಬೇಡವೋ ಎಂದು ಕೇಳಿದ್ದೀಯ. ಬುಧವಾರದೊಳಗೆ ಡಾಕ್ಟರಿಗೆ ತಿಳಿಸಬೇಕಂತೆ. ಅವತ್ತು ಅದರ ಬಗ್ಗೆ ನಡೆದ ಚರ್ಚೆಯ ನಡುವೆ ಅಮ್ಮ ಯಾಕೆ ಎದ್ದು ಹೋದಳು, ನನ್ನ ಮಾತಿಗೆ ನಾಚಿಕೆಪಟ್ಟಳೇ ಎಂದೂ ಕೇಳಿದ್ದೀಯ. ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದು, ಹೊಡೆದು ಹಾಕಿ, ಮತ್ತೆ ಅದರ ಪಕ್ಕದಲ್ಲೇ ಬರೆದಿದ್ದೀಯ: ಗರ್ಭಕೋಶ ಕೊಡುವವರು ಹತ್ತಿರದ ಸಂಬಂಧಿಯಾದರೆ ಅನುಕೂಲವಂತೆ, ಅಮ್ಮ ಕೊಡುವಳೇ ಎಂದು. ಆ ಸಾಲಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು ನನ್ನ ಜಂಬವನ್ನೆಲ್ಲ ಕೊಚ್ಚಿಕೊಳ್ಳಲು ಬಿಡು. ಅಂಗಡಿಗೆ ಬರುವವರ ಹತ್ತಿರ ಹೇಳಿ ಹೇಳಿ ಅವರ ತಲೆ ತಿಂದಾಗಿದೆ. ಒಬ್ಬಾಕೆಯಂತೂ ರವಿಕೆ ಬೇಗ ಕೊಡಿ, ನಿಮ್ಮ ಮಗಳ ಭಾಷಣ ನನಗೆ ಬಾಯಿಪಾಠವಾಗಿದೆ ಎಂದಳು.

ಅವತ್ತು ನಾನೂ ನಿನ್ನ ಅಪ್ಪನೂ ಕೊನೆಯ ಸಾಲಿನಲ್ಲಿ ಕೂತಿದ್ದೆವು. ಆ ಶಸ್ತ್ರಚಿಕಿತ್ಸಕರು ಮುಚ್ಚುಮರೆಯಿಲ್ಲದೆ ಮಾತಾಡಿದ್ದು ನನಗೆ ಹಿಡಿಸಿತು. ಗರ್ಭಕೋಶ ಕಸಿಯಿಂದ ಮಕ್ಕಳು ಹುಟ್ಟಿರುವುದು ನಿಜ, ಆದರೆ ಅವರೆಲ್ಲ ಹೆಣ್ಣಾಗಿಯೇ ಹುಟ್ಟಿದ ತಾಯಂದಿರು, ನಿನ್ನಂಥ ಟ್ರಾನ್ಸ್ ಹೆಣ್ಣುಮಕ್ಕಳಲ್ಲಿ ಹೀಗೆ ಹೆರಿಗೆಯಾಗಿದ್ದು ಇಲ್ಲಿಯವರೆಗೆ ಇಲ್ಲ ಎಂದರು. ರಕ್ತನಾಳಗಳನ್ನು ಒಂದೊಂದಾಗಿ ಜೋಡಿಸಬೇಕು, ಮೈ ಅದನ್ನು ಹೊರಗಿನದೆಂದು ತಳ್ಳದಂತೆ ದಿನವೂ ಮಾತ್ರೆ ನುಂಗಬೇಕು, ಹೆರಿಗೆ ಆಪರೇಷನ್‌ನಿಂದಲೇ ಆಗಬೇಕು, ಮಗು ಬಂದ ಮೇಲೆ ಗರ್ಭಕೋಶವನ್ನು ಮತ್ತೆ ತೆಗೆದುಬಿಡಬೇಕು ಎಂದರು. ಈಗ ಬರೀ ಆಸಕ್ತರ ಹೆಸರು ಕೇಳುತ್ತಿದ್ದೇವೆ, ಯಾರಿಗೂ ಮಾತು ಕೊಡುತ್ತಿಲ್ಲ ಎಂದೂ ಹೇಳಿದರು. ಮಾತ್ರೆಯ ವಿಷಯ ಬಂದಾಗ ನಿನ್ನ ಅಪ್ಪ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಎದ್ದರಲ್ಲ, ಆ ಮೀಸೆಯ ವಕೀಲರು. ಬಸಿರೆಂಬುದು ಹೆಣ್ಣಿಗೆ ಹೂ ಮುಡಿದಷ್ಟು ಸಹಜ, ಅದನ್ನು ಕತ್ತರಿ ಹಿಡಿದು ಬೇರೆಯವರಿಗೆ ಅಂಟಿಸುವುದು ಪ್ರಕೃತಿಗೆ ಮಾಡುವ ಅಣಕ ಎಂದರು. ಅವರು ಒಂದೊಂದು ಮಾತು ಬಿಟ್ಟಾಗಲೂ ನಿನ್ನ ಅಪ್ಪನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಪಕ್ಕ ಕೂತು ತಮ್ಮ ಕಡೆಯ ಬ್ರೇಕ್ ಒತ್ತಿ ಒತ್ತಿ ಅಂಟಿದ ಚಾಳಿ ಅದು. ಆ ವಕೀಲರನ್ನು ನಿಲ್ಲಿಸಲು ಹೋಗಿ ಮಂಡಿ ಹಿಡಿದುಕೊಂಡಿತು. ಈಗ ಗೊತ್ತಾಯಿತೇ, ನೋವು ಎಲ್ಲಿಂದ ಬಂತೆಂದು?

ನೀನು ಜಗಳಕ್ಕೆ ಹೋಗಲಿಲ್ಲ. ಬಸುರಿಯರಿಗೆ ವ್ಯಾಯಾಮ ಹೇಳಿಕೊಡುವ ನಿನ್ನ ತರಗತಿಯಲ್ಲಿ ಬಸಿರಿನ ಭಾರ ತಿಳಿಯಲೆಂದು ಗಂಡಂದಿರಿಗೆ ಹಾಕಿಸುವ, ಮರಳು ತುಂಬಿದ ಬಟ್ಟೆಯ ಹೊಟ್ಟೆಯನ್ನು ಚೀಲದಿಂದ ತೆಗೆದೆ. ಸರ್, ಸ್ವಲ್ಪ ಹೊತ್ತು ಇದನ್ನು ಹಾಕ್ಕೊಂಡು ಮಾತಾಡ್ತೀರಾ ಎಂದು ಎಷ್ಟು ವಿನಯದಿಂದ ಕೇಳಿದೆ! ಅವರೂ ಅದೇನು ಮಹಾ ಎಂದು ನಗುತ್ತಲೇ ಕೈ ತೂರಿಸಿದರು. ನೀನು ಹಿಂದೆ ಹೋಗಿ ಗುಂಡಿ ಹಾಕಿದೆ. ಅವರ ಪೆನ್ನು ಕೆಳಗೆ ಬಿತ್ತು. ಬೀಳಿಸಿದ್ದು ನೀನೇ ಇರಬೇಕು, ನನ್ನ ಹತ್ತಿರ ಸುಳ್ಳು ಹೇಳಬೇಡ. ಅದನ್ನು ಎತ್ತಲು ಅವರು ಬಗ್ಗಿದರು, ಆಗಲಿಲ್ಲ. ಮಂಡಿ ಊರಿದರು, ಏಳಲಾಗಲಿಲ್ಲ. ಕೊನೆಗೆ ಮೇಜು ಹಿಡಿದು ಎದ್ದು, ಬೆವರು ಒರೆಸಿಕೊಂಡು, ಸಾಕಮ್ಮ ಬಿಚ್ಚು ಇದನ್ನ ಎಂದು ಬೆನ್ನ ಕಡೆ ಕೈ ತಿರುಗಿಸಿದರು. ಗುಂಡಿ ಸಿಗಲಿಲ್ಲ. ಆಗ ನೀನು ಮೈಕಿನಲ್ಲಿ ಹೇಳಿದೆ, ಇದು ಬೇಕಾದಾಗ ಬಿಚ್ಚಿಡೋ ಅಂಥದ್ದಲ್ಲ ಸರ್, ಚರ್ಚೆ ಮುಗಿಯೋವರೆಗೂ ಇರಲಿ ಎಂದು. ಸಭಾಂಗಣವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅವರು ಕಾಲು ಅಗಲಿಸಿಕೊಂಡು ಕೊನೆಯವರೆಗೂ ಹಾಗೇ ಕೂತರು. ಅಭಿಪ್ರಾಯ ಬದಲಾಗಲಿಲ್ಲ, ದನಿ ಮಾತ್ರ ಇಳಿಯಿತು.

ಎಲ್ಲರೂ ಅದನ್ನು ನಿನ್ನ ಜಾಣತನ ಎಂದುಕೊಂಡರು. ಸತ್ಯ ಏನೆಂದರೆ, ಅದು ನನ್ನ ಎಡವಟ್ಟು. ಆಸ್ಪತ್ರೆಯ ರೋಗಿಗಳ ಗೌನು ಹೊಲಿದು ಹೊಲಿದು ನನ್ನ ಕೈಗೆ ಬೆನ್ನ ಕಡೆ ತೆರೆದು ಬಿಡುವುದೇ ರೂಢಿ. ನೀನು ಆ ಹೊಟ್ಟೆ ಹೊಲಿಸಲು ಬಂದಾಗಲೂ ಕೈ ತಾನಾಗಿಯೇ ಗುಂಡಿಯನ್ನು ಹಿಂದಕ್ಕೆ ಹಾಕಿಬಿಟ್ಟಿತು. ಆಮೇಲೆ ನೋಡಿ ಹಣೆ ಚಚ್ಚಿಕೊಂಡೆ. ಬಿಚ್ಚಿ ಮುಂದಕ್ಕೆ ಹಾಕಿಕೊಡುತ್ತೇನೆಂದು ನಿನಗೆ ಎಷ್ಟು ಸಲ ಹೇಳಿದ್ದೆ? ಇನ್ನು ಹೇಳುವುದಿಲ್ಲ. ಹಾಗೇ ಇರಲಿ.

ಆಸೆಯಿದೆ ಎಂದು ನೀನು ನೇರವಾಗಿ ಒಪ್ಪಿಕೊಂಡೆಯಲ್ಲ, ಆಗ ನನ್ನ ಎದೆ ತುಂಬಿ ಬಂತು. ಆಸೆಯಿದ್ದ ಮಾತ್ರಕ್ಕೆ ಅದು ಹಕ್ಕಾಗುವುದಿಲ್ಲ, ಹಾಗೆಂದು ಆಸೆಯನ್ನು ಕಾಯಿಲೆ ಅನ್ನಬೇಡಿ ಎಂದೆ. ಗರ್ಭಕೋಶವಿಲ್ಲದೆ ಹುಟ್ಟಿದ ಹೆಣ್ಣುಮಕ್ಕಳು ಎಷ್ಟೋ ದಿನದಿಂದ ಕಾಯುತ್ತಿದ್ದಾರೆ, ಅವರನ್ನು ಪಕ್ಕಕ್ಕೆ ತಳ್ಳಿ ನುಗ್ಗುವವಳು ನಾನಲ್ಲ ಎಂದೆ. ಹುಟ್ಟುವ ಮಗುವಿಗೆ ಅಪಾಯವೆಂದು ಡಾಕ್ಟರ್ ಹೇಳಿದರೆ ಆ ಕ್ಷಣವೇ ಹೆಸರು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಪಕ್ಕದಲ್ಲಿ ಕೂತಿದ್ದವರು ಯಾರ ಮಗಳೋ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಪ್ಪ ನಮ್ಮವಳು, ನೋಡಿ, ಒಂದು ಕಡೆನೂ ಗೇರ್ ತಪ್ಪಲಿಲ್ಲ ಎಂದರು.

ಆಗ ಎದ್ದವರು ಆ ನಿವೃತ್ತ ಹೆಡ್‌ಮೇಡಂ. ಕೆಟ್ಟವರಲ್ಲ ಪಾಪ, ನನ್ನ ಹಳೆಯ ಗಿರಾಕಿ. ಗರ್ಭಕೋಶವೇ ಇಲ್ಲದವಳನ್ನು ಹೆಂಗಸು ಎಂದು ಹೇಗೆ ಕರೆಯುವುದು ಎಂದು ಕೇಳಿದರು. ನೀನು ಮೈಕ್ ಹತ್ತಿರ ತಂದುಕೊಂಡೆ. ನನ್ನ ತರಗತಿ ಮುಗಿದ ಮೇಲೆ, ಗರ್ಭಕೋಶ ತೆಗೆಸಿಕೊಂಡವರು ಬೆನ್ನಿನ ವ್ಯಾಯಾಮಕ್ಕೆ ಬರುತ್ತಾರೆ, ಅವರಲ್ಲಿ ಯಾರನ್ನೂ ನೀವಿನ್ನು ಹೆಂಗಸಲ್ಲ ಎಂದು ಬಾಗಿಲಿಂದ ವಾಪಸು ಕಳಿಸಿಲ್ಲ ಮೇಡಂ ಎಂದು ನೀನು ಹೇಳಿದೆ. ನಾನು ಎದ್ದು ಹೋದದ್ದು ಆಗಲೇ.

ನಾಚಿಕೆಯಿಂದಲ್ಲ ಮಗಳೇ. ಅದನ್ನು ಮೊದಲು ತಲೆಯಿಂದ ತೆಗೆದು ಹಾಕು. ನಿನ್ನನ್ನು ಹೆತ್ತಾಗಿನಿಂದ ನಕ್ಕರೆ, ಕೆಮ್ಮಿದರೆ ನನಗೆ ಉಚ್ಚೆ ನಿಲ್ಲುವುದಿಲ್ಲ. ವಕೀಲರ ಅವಸ್ಥೆ ನೋಡಿ ನಕ್ಕಿದ್ದೆನಲ್ಲ, ಹೊರಗೆ ಓಡಬೇಕಾಯಿತು ಎಂದುಕೋ. ಇದೂ ಬಸಿರಿನ ಲೆಕ್ಕಕ್ಕೇ ಸೇರಿದ್ದು. ನಿಮ್ಮ ಚರ್ಚೆಯಲ್ಲಿ ಯಾರೂ ಇದರ ಮಾತೆತ್ತಲಿಲ್ಲ.

ನಿನಗೆ ಆಸೆಯಿದೆ ಎಂದ ಮೇಲೆ ಉಳಿದದ್ದನ್ನೂ ಕೇಳಿಕೋ. ನೀನು ಹೊಟ್ಟೆಯಲ್ಲಿದ್ದಾಗ ಮೆಷಿನ್ ಎಣ್ಣೆಯ ವಾಸನೆ ಬಂದರೆ ಸಾಕು, ಕರುಳು ಬಾಯಿಗೆ ಬರುವಂತೆ ವಾಂತಿಯಾಗುತ್ತಿತ್ತು. ಹೊಲಿಗೆಯವಳಿಗೆ ಎಣ್ಣೆ ಆಗುವುದಿಲ್ಲವೆಂದರೆ ಮೀನಿಗೆ ನೀರು ಆಗದ ಹಾಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಲಿದೆ. ಮೂಲವ್ಯಾಧಿ ಶುರುವಾಗಿ ಸ್ಟೂಲಿನ ಮೇಲೆ ಕೂರಲಾಗದೆ ನಿಂತುಕೊಂಡು ಬಟ್ಟೆ ಕತ್ತರಿಸಿದೆ. ಮುಖಕ್ಕೆ ಕಪ್ಪು ಬಂಗು ಬಂತು. ಬೆರಳು ಊದಿ ಮದುವೆಯ ಉಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು. ಹೊಟ್ಟೆ ಅಡ್ಡ ಬಂದು ಪೆಡಲಿಗೆ ಕಾಲು ಎಟುಕದೆ ಅತ್ತಿದ್ದೂ ಉಂಟು. ಬಿ.ಪಿ. ಏರಿದಾಗ ಕಣ್ಣ ಮುಂದೆ ಕಿಡಿ ಹಾರುತ್ತಿತ್ತು. ಒಂದು ದಿನ ನೀನು ಅಲುಗಲೇ ಇಲ್ಲ. ಆ ಮಧ್ಯಾಹ್ನ ನಾನು ಪಟ್ಟ ಭಯವನ್ನು ನಿನ್ನ ಅಪ್ಪನಿಗೂ ಪೂರ್ತಿ ಹೇಳಿಲ್ಲ.

ಸಂತೋಷವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮೆಷಿನ್ ಓಡುವಾಗ ನೀನು ಸುಮ್ಮನಿರುತ್ತಿದ್ದೆ, ನಿಲ್ಲಿಸಿದರೆ ಒದೆಯುತ್ತಿದ್ದೆ. ನಿನ್ನ ಕಾಟ ತಾಳಲಾರದೆ ಬಟ್ಟೆಯಿಲ್ಲದಿದ್ದರೂ ಬರೀ ಮೆಷಿನ್ ತುಳಿದಿದ್ದೇನೆ. ಹುಟ್ಟಿದ ಮೇಲೂ ಮೆಷಿನ್ನಿನ ದಾರ ಸುತ್ತುವ ಬಾಬಿನ್ ಕೈಗೆ ಕೊಟ್ಟರೆ ಮಾತ್ರ ಅಳು ನಿಲ್ಲಿಸುತ್ತಿದ್ದೆ. ಅದಕ್ಕೇ ಈ ಹೆಸರು. ನಿನ್ನನ್ನು ಮಗ ಎಂದುಕೊಂಡು ಬೆಳೆಸಿದೆವು. ಅಮ್ಮ, ನಾನು ಹುಡುಗಿ ಎಂದು ನೀನು ಹೇಳಿದ ವರ್ಷ ಶಾಲೆಯಿಂದ ಹಿಡಿದು ಬ್ಯಾಂಕಿನವರೆಗೂ ಹೆಸರು ಬದಲಾಯಿಸಿದೆವು. ಬಾಬಿನ್ ಮಾತ್ರ ಬಾಬಿನ್ ಆಗಿಯೇ ಉಳಿಯಿತು.

ಹೆರಿಗೆಯ ಕಥೆ ನಿನಗೆ ಬಾಯಿಪಾಠ. ನಿನ್ನ ಅಪ್ಪ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನನ್ನು ಕಲಿಸುವವರ ಸೀಟಿನಲ್ಲಿ ಕೂರಿಸಿ ತಾವು ಓಡಿಸಿದ್ದು, ಪ್ರತಿ ನೋವಿಗೂ ನಾನು ಅಲ್ಲಿದ್ದ ಎರಡನೇ ಬ್ರೇಕನ್ನು ಒತ್ತಿದ್ದು, ಕಾರು ಕುಂಟುತ್ತ ಕುಂಟುತ್ತ ಆಸ್ಪತ್ರೆಯ ಗೇಟು ತಲುಪಿದ್ದು. ಪ್ರತಿ ಹುಟ್ಟುಹಬ್ಬಕ್ಕೂ ಹೇಳಿಸಿಕೊಂಡು ನಗುತ್ತಿದ್ದೆಯಲ್ಲ. ಕಥೆಯನ್ನು ನಾನು ಯಾವಾಗಲೂ ಗೇಟಿನ ಹತ್ತಿರವೇ ನಿಲ್ಲಿಸುತ್ತಿದ್ದೆ.

ಇನ್ನು ಹೆಸರು ಕೊಡುವ ವಿಷಯ. ನನಗೆ ಭಯವಿದೆ. ಬೇಡ ಎಂದೇ ಬರೆಯಬೇಕೆಂದು ಪೆನ್ನು ಹಿಡಿದು ಕೂತೆ, ಕೈ ಬರಲಿಲ್ಲ. ಮೈಯ ಕಷ್ಟಗಳೆಲ್ಲ ಗೊತ್ತಿದ್ದೂ ನಿನ್ನನ್ನು ಹೊತ್ತವಳು ನಾನು, ನಿನಗೆ ಬೇಡ ಎನ್ನಲು ಯಾವ ಬಾಯಿ? ಮಗು ಬೇಕು, ಹೊತ್ತು ಹೆರಬೇಕು ಎಂಬ ಆಸೆಗೆ ಹೆಸರು ಕೊಡುವುದಾದರೆ ಕೊಡು, ಆಸ್ಪತ್ರೆಗೆ ನಾನೇ ಬಂದು ಕೂರುತ್ತೇನೆ. ಬೇಡ ಅನ್ನಿಸಿದರೆ ಬಿಡು, ಮನೆಯಿಲ್ಲದ ಮಗುವನ್ನು ಎತ್ತಿಕೊಂಡು ಬಾ, ಅದಕ್ಕೂ ಅಂಗಿ ಹೊಲಿಯಲು ನನ್ನ ಕೈ ಗಟ್ಟಿಯಾಗಿದೆ. ಆದರೆ ಹೆಡ್‌ಮೇಡಂಗೆ ಉತ್ತರ ಕೊಡಲಿಕ್ಕೆಂದು ಮಾತ್ರ ಆಪರೇಷನ್ ಮೇಜಿನ ಮೇಲೆ ಮಲಗಬೇಡ. ಅವರಿಗೆ ಉತ್ತರ ಅವತ್ತೇ ಕೊಟ್ಟಾಗಿದೆ.

ಒಂದು ಮಾತು ಹೇಳಲು ಮರೆತಿದ್ದೆ. ಆ ಮರಳಿನ ಹೊಟ್ಟೆಗೆ ಅಳತೆ ಎಲ್ಲಿಂದ ತಂದೆ ಎಂದು ನೀನು ಕೇಳಿದಾಗ ಅಂದಾಜು ಎಂದಿದ್ದೆ. ಅಂದಾಜಲ್ಲ. ಬಸಿರಿನ ಕೊನೆಯ ತಿಂಗಳು ನಾನು ಹಾಕುತ್ತಿದ್ದ ನಿಲುವಂಗಿಯನ್ನು ಬಿಚ್ಚಿ ಅದರ ಮೇಲೆ ಗುರುತು ಹಾಕಿಕೊಂಡದ್ದು. ಗಂಡಂದಿರು ಹೊತ್ತು ಏದುಸಿರು ಬಿಡುವುದು ನಿನ್ನನ್ನೇ. ಅವತ್ತು ವಕೀಲರು ಮಂಡಿ ಊರಿದ್ದೂ ನಿನ್ನ ಭಾರಕ್ಕೇ. ನಾನು ಅದೇ ಭಾರ ಹೊತ್ತು ಅಂಗಡಿ ನಡೆಸಿದವಳು, ಸ್ವಲ್ಪ ಬೀಗಿದರೆ ತಪ್ಪೇನು?

ಹೊತ್ತಿಗೆ ಸರಿಯಾಗಿ ಊಟ ಮಾಡು. ಬುಧವಾರ ಏನು ತೀರ್ಮಾನ ಮಾಡಿದರೂ ಮೊದಲು ನನಗೆ ಹೇಳು. ನಿನ್ನ ಅಪ್ಪನಿಗೆ ಆಮೇಲೆ.

ನಿನ್ನನ್ನು ಹೆತ್ತ ಜಂಬದಲ್ಲಿರುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ತಪ್ಪಿಸಿಕೊಂಡದ್ದು. ನೀನು ಹೊಡೆದು ಹಾಕಿ ಮತ್ತೆ ಬರೆದ ಸಾಲಿಗೆ ಉತ್ತರ. ಇದ್ದಿದ್ದರೆ ಕೇಳುವ ಮೊದಲೇ ಕೊಡುತ್ತಿದ್ದೆ ಬಾಬಿನ್. ನನ್ನಲ್ಲಿ ಇಲ್ಲ. ಆಸ್ಪತ್ರೆಯ ಗೇಟಿನಿಂದ ಮುಂದಿನ ಕಥೆ ಇದು: ನೀನು ಹುಟ್ಟಿದೆ, ರಕ್ತ ನಿಲ್ಲಲಿಲ್ಲ, ನನ್ನ ಜೀವ ಉಳಿಸಲು ಗರ್ಭಕೋಶವನ್ನು ತೆಗೆದುಬಿಟ್ಟರು. ಹೊಟ್ಟೆಯ ಮೇಲಿನ ಗೆರೆ ನೋಡಿ ನೀನು ಕೇಳಿದಾಗ ಹೆರಿಗೆಯ ಗುರುತು ಎಂದಷ್ಟೇ ಹೇಳಿದ್ದೆ. ನಿನ್ನಿಂದಲೇ ಹೋಯಿತು ಎಂದು ನೀನು ತಲೆಗೆ ಹಚ್ಚಿಕೊಳ್ಳುವುದು ನನಗೆ ಬೇಡವಾಗಿತ್ತು. ಹೆಡ್‌ಮೇಡಂ ಅವತ್ತು ಕೇಳಿದ್ದು ನಿನ್ನೊಬ್ಬಳನ್ನೇ ಅಲ್ಲ. ನೀನು ಉತ್ತರಿಸಿದ್ದೂ ನಿನ್ನೊಬ್ಬಳ ಪರವಾಗಿ ಅಲ್ಲ. ಅದಕ್ಕೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ನಿನಗೆ ಹಾಲೂಡಿಸಿದ್ದು, ಜ್ವರಕ್ಕೆ ಮಡಿಲಲ್ಲಿ ಮಲಗಿಸಿಕೊಂಡದ್ದು, ನಾನು ಹುಡುಗಿ ಎಂದು ನೀನು ಹೇಳಿದಾಗ ಮೊದಲ ಲಂಗ ಹೊಲಿದದ್ದು, ಎಲ್ಲವನ್ನೂ ಮಾಡಿದವಳು ಗರ್ಭಕೋಶ ಇಲ್ಲದ ಇದೇ ಹೆಂಗಸು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ನಿನಗೆ ಅಮ್ಮನಲ್ಲಿ ಏನಾದರೂ ಕಡಿಮೆ ಅನ್ನಿಸಿತ್ತಾ?