ದೀಪ ದೊಡ್ಡದಾಯಿತು, ಕಾಕಾ

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ,

ಇತ್ತ ನಾವು ಕ್ಷೇಮ ಎಂದು ಬರೆದೆ. ಅತ್ತ ನಿಮ್ಮ ಕ್ಷೇಮ... ಎನ್ನುವಲ್ಲಿ ಲೇಖನಿ ನಿಂತಿತು. ನೀವು ಹೋಗಿ ನಾಲ್ಕು ವರ್ಷವಾಯಿತು. ಒಂದು ಸುದ್ದಿಯಿದೆ. ಕೇಳಿ ಹಿಗ್ಗುವವರು ನೀವೊಬ್ಬರೇ ಇದ್ದಿರಿ.

ಕಾಲೇಜಿಗೆಂದು ಹಳೇ ಹುಬ್ಬಳ್ಳಿಯಲ್ಲಿ ನೀವೂ ಕಾಕುವೂ ಇದ್ದ ಮನೆಗೆ ಬಂದಾಗ, ಯಾರಾದರೂ ಮಾತಾಡಿಸಿದರೆ ನಾನು ಅಟ್ಟ ಹತ್ತುತ್ತಿದ್ದೆ. ನೀವು ಸ್ಟೇಶನ್ನಿನಲ್ಲಿ ತಂತಿ ಸಂದೇಶ ಕಳಿಸುವ ತಾರ್ ಮಾಸ್ತರರು. ಅದೇ ಅಟ್ಟದಲ್ಲಿ ನಿಮ್ಮದೇ ಕೈಯಿಂದ ಕಟ್ಟಿದ, ಲೈಸನ್ಸ್ ಇದ್ದ ರೇಡಿಯೋ ಪ್ರೇಷಕ. "ಬಾಯಿಲೇ ಮಾತಾಡಾಕ ನಾಚತಿ, ಬೆರಳಿಲೇ ಮಾತಾಡಲೇ ತಮ್ಮಾ" ಎಂದು ಒತ್ತಿ ಬಿಡುವ ತಾರಿನ ಕೀಲಿಯ ಮುಂದೆ ಕೂರಿಸಿ ಚುಕ್ಕೆ-ಗೆರೆಗಳ ಭಾಷೆ ಕಲಿಸಿದಿರಿ. ಆ ಮೇಲೆ ನನ್ನನ್ನು ಹಾಗೆ ಯಾರು ಮಾತಾಡಿಸಿದರು?

ರವಿವಾರ ಮುಂಜಾನೆ ಕೊಲಂಬೋದ ನಿಮ್ಮ ರೇಡಿಯೋ ಗೆಳೆಯ ಕಳಿಸುತ್ತಿದ್ದುದು ಒಂದೇ ಮಾತು: ಸದ್ದು ಬಹಳ ಸಣ್ಣದು, ಮತ್ತೊಮ್ಮೆ ಹೇಳು. "ಒಮ್ಮೆರ ಅಂವಗ ನನ್ನ ಮಾತು ಪೂರಾ ಕೇಳಿಸ್ಬೇಕು ನೋಡು" ಎಂದಿರಿ. ಸದ್ದಿಗೆ ಬಲ ಕೊಡುವ ಆಂಪ್ಲಿಫೈಯರ್ ಕಟ್ಟತೊಡಗಿದ್ದು ಆಗಲೇ. ಚಹಾದ ಪೆಟ್ಟಿಗೆಯ ಹಲಗೆ, ಮುಂಬಯಿಯಿಂದ ತರಿಸಿದ ವಾಲ್ವು ಮತ್ತು ಕಂಡೆನ್ಸರು. ತಾಮ್ರದ ತಂತಿಯನ್ನು ಸುರುಳಿ ಸುತ್ತಲು ಕಾಕುವಿನ ಲಟ್ಟಣಿಗೆ. "ರಾತ್ರಿ ಚಪಾತಿ ಬ್ಯಾಡಂದ್ರ ಇಟ್ಟಕೊಂಡ ಕೂಡ್ರಿ" ಎಂದು ಕಾಕು ಕೆಳಗಿನಿಂದ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಆಂಪ್ಲಿಫೈಯರಿನ ಕೊನೆಯ ಪರೀಕ್ಷೆಯ ದಿನವನ್ನು ಮಾತ್ರ ನಾನು ಮರೆಯಲಾರೆ. ಸುರುಳಿಯ ಹತ್ತಿರ ತಂತಿಗೆ ಕಟ್ಟಿದ ಪುಟ್ಟ ಬಲ್ಬು ಹಿಡಿದು ನಾನು ಕೂತಿದ್ದೆ. ಹಿಂದುಗಡೆ ನೀವು ಕಂಡೆನ್ಸರಿನ ತಿರುಪು ತಿರುಗಿಸುತ್ತಿದ್ದಿರಿ. ನಿಮಗೆ ಬಲ್ಬು ಕಾಣುತ್ತಿರಲಿಲ್ಲ. ಬಲ್ಬು ಆರಿದಲ್ಲಿಗೇ ತಿರುಪು ನಿಲ್ಲಬೇಕು. "ಇಲ್ಲಂದ್ರ ವಾಲ್ವು ತನ್ನ ದನಿ ತಾನ ಕೇಳಿ ಒದರತದ, ಇನ್ನೊಬ್ಬರ ಮಾತು ಒಯ್ಯಂಗಿಲ್ಲ" ಎಂದಿದ್ದಿರಿ. ಬಲ್ಬು ಆರಿತು. ಆದರೆ ಕಾಕು ಪಕ್ಕದಲ್ಲೇ ಜೋಳ ಹಸನು ಮಾಡುತ್ತಿದ್ದರು. ಅವರೆದುರು ದೀಪ ಆರಿತು ಎನ್ನುವಂತಿಲ್ಲ, ಅದು ಅಶುಭ, ದೊಡ್ಡದಾಯಿತು ಎನ್ನಬೇಕು. ನಾನು ಕೂಗಿದೆ, "ದೊಡ್ಡದಾತ್ರಿ ಕಾಕಾ!"

"ಎಷ್ಟ ದೊಡ್ಡದಾತಲೇ?"

"ಪೂರಾ ದೊಡ್ಡದಾತ್ರಿ!"

ಬೆಳಕು ಹೆಚ್ಚಿತೆಂದು ತಿಳಿದು ನೀವು ಗಾಬರಿಯಿಂದ ಇನ್ನಷ್ಟು ತಿರುಗಿಸಿದಿರಿ. ಕರಕ್ ಎಂದಿತು. ಕಂಡೆನ್ಸರಿನ ಲೋಹದ ಹಾಳೆಗಳು ಬಾಗಿ ಒಂದಕ್ಕೊಂದು ಕಚ್ಚಿಕೊಂಡವು. "ಬಿ.ಎ. ಪಾಸಾಗಿ 'ಆರ್ತು' ಅನ್ನಾಕ ಬರಂಗಿಲ್ಲೇನಲೇ?" ಎಂದು ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನೂ ನಕ್ಕೆ. ಮುಂಬಯಿಯಿಂದ ಇನ್ನೊಂದು ಬರುವುದರೊಳಗೆ ಮಹಾಯುದ್ಧದ ಲಡಾಯಿ ಶುರುವಾಯಿತು. ಲೈಸನ್ಸ್ ರದ್ದಾಯಿತು, ರೇಡಿಯೋ ಪೆಟ್ಟಿಗೆಗಳನ್ನು ಸರಕಾರದವರು ಒಯ್ದರು. ಲಡಾಯಿ ಮುಗಿಯುವ ಮೊದಲೇ ನೀವು... ಆ ದಿನ ನಾನು ಒಂದು ಸರಳ ಮಾತು ಆಡಿದ್ದರೆ?

ಹೋದ ತಿಂಗಳು ಪೆಟ್ಟಿಗೆಗಳು ಮರಳಿ ಬಂದವು, ಲೈಸನ್ಸ್ ನನ್ನ ಹೆಸರಿನಲ್ಲಿ. ಹೊಸ ಕಂಡೆನ್ಸರು ಕೂರಿಸಿದೆ. ಬಲ್ಬು ನೋಡುವವರು ಯಾರು? ಕರೆಯಲು ನನಗೊಬ್ಬ ಗೆಳೆಯನೂ ಇಲ್ಲ. ಕಡೆಗೆ ಕಾಕುವನ್ನೇ ಕೂರಿಸಿ, ಹಿಂದುಗಡೆ ಹೋಗಿ ತಿರುಪು ಹಿಡಿದೆ. ಒಂದೊಂದು ಕೂದಲೆಳೆಯಷ್ಟೇ ತಿರುಗಿಸಿದೆ. ಆಮೇಲೆ ಕಾಕು ಮೆಲ್ಲಗೆ ಅಂದರು, "ಆರೇತಪಾ." ನಾನು ಕೈ ತೆಗೆಯಲಿಲ್ಲ. "ಖರೇನ ಆರೇತಿ. ಕೈ ಬಿಡು." ಮೂವತ್ತು ವರ್ಷ ಯಾರಿಗೂ ಆಡಗೊಡದ ಮಾತದು. ಸೆರಗಿನಿಂದ ಬಲ್ಬು ಒರೆಸಿಟ್ಟು ಕೆಳಗಿಳಿದರು.

ಈ ರವಿವಾರ ಕೊಲಂಬೋವನ್ನು ಕರೆದೆ. ಉತ್ತರ ಬಂತು, ಕಾಕಾ. ಅವನೇ. ಹುಬ್ಬಳ್ಳಿ ಎಂದು ತಿಳಿದೊಡನೆ ಕೇಳಿದ: ನನ್ನ ತಾರ್ ಮಾಸ್ತರ ಹೇಗಿದ್ದಾನೆ? ದೇವರ ಪಾದ ಸೇರಿದರು, ಕಣ್ಮರೆಯಾದರು... ಓದಿದ ಮಾತುಗಳೆಲ್ಲ ಸಾಲುಗಟ್ಟಿದವು. ಒಂದನ್ನೂ ಕಳಿಸಲಿಲ್ಲ. ತೀರಿಕೊಂಡರು ಎಂದಷ್ಟೇ ಒತ್ತಿದೆ.

ಆ ಕಡೆಯಿಂದ ಚುಕ್ಕೆ-ಗೆರೆಗಳು ಬಂದವು. ಅವನು ಹೇಳಿದ್ದು: ಎಲ್ಲ ಕೇಳಿಸಿತು. ಮತ್ತೊಮ್ಮೆ ಹೇಳಬೇಡ.

ನಿಮ್ಮ ಮಗನಂಥವನು.