ಓಡುವ ಬಿಳಿ ಹುಳು

ಮಾರ್ಚ್ 4
ಬಿಳಿ ಬಟ್ಟೆ ನೀಲಿಗೆ ಅದ್ದಿ, ಹಿಂಡಿ, ಹಗ್ಗಕ್ಕೆ ಹಾಕಿದೆ. ಒಣಗಿದ ಮೇಲೆ ತೆಗೆದರೆ ಮತ್ತೆ ಅದೇ ಅಂಟು. ಮೇಲಿನ ಮನೆಯ ನರ್ಸ್ ತನ್ನ ಯೂನಿಫಾರ್ಮನ್ನು ಮುಖಕ್ಕೆ ಹಿಡಿದಳು. "ಅಕ್ಕಾ, ಇದನ್ನ ಒಗೆದ್ರಾ, ಸಕ್ಕರೆ ಪಾಕದಲ್ಲಿ ಅದ್ದಿದ್ರಾ?"
ಅತ್ತೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ತೀರ್ಪು ಕೊಟ್ಟರು: "ಕಾಗೆ ಹಿಕ್ಕೆ ಕಣೇ."
ಅಂಟನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿದೆ. ಸಿಹಿ! ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೈದುಕೊಳ್ಳಲಿ. ಯಾವ ಕಾಗೆ ಸಿಹಿ ಹಾಕುತ್ತದೆ?
ಹಗ್ಗದ ಒಂದು ತುದಿ ಮೆಟ್ಟಿಲ ಕಂಬಕ್ಕೆ, ಇನ್ನೊಂದು ಅಂಗಳದ ಸೀಬೆ ಮರಕ್ಕೆ. ಅಂಟು ಬೀಳುತ್ತಿರುವುದು ಮರದಿಂದ.

ಮಾರ್ಚ್ 5
ಸ್ಟೂಲ್ ಹತ್ತಿದೆ. ಎಲೆಯ ಮೇಲೆಲ್ಲ ಮಸಿ. ಅಡಿಯಲ್ಲಿ ಹತ್ತಿ ಉಂಡೆಯಂಥ ಬಿಳಿ ಗಂಟುಗಳು. ಒತ್ತಿದರೆ ಕೆಂಪು ರಸ. ಜೀವ ಇದೆ! ಸುತ್ತ ಇರುವೆ ಸಾಲು, ಒಳ್ಳೆ ಪೊಲೀಸ್ ಬಂದೋಬಸ್ತ್ ಥರ. ಫೋಟೋ ತೆಗೆದು ನರ್ಸರಿಯವನಿಗೆ ತೋರಿಸಿದೆ. "ಹಿಟ್ಟು ತಿಗಣೆ. ರಸ ಹೀರುತ್ತೆ, ಸಿಹಿ ಉಚ್ಚೆ ಹೊಯ್ಯುತ್ತೆ," ಎಂದ. ನಿನ್ನೆ ನಾಲಿಗೆಗೆ ಹಚ್ಚಿದ್ದು... ಇರಲಿ. ಅತ್ತೆಗೆ ಹೇಳುವುದಿಲ್ಲ.
ಸಂಜೆ ಮನೆ ಓನರ್ ಬಂದರು. ಮರ ನೋಡಿದ್ದೇ ತಡ, "ರೋಗ ಬಂದಿದೆ. ಕಡಿಸಿಬಿಡ್ತೀನಿ. ಗಾಡಿಗಾದ್ರೂ ಜಾಗ ಆಗುತ್ತೆ."
ಅಂಗಳ ಗಾಡಿಗಾದರೆ ಬಟ್ಟೆ ಎಲ್ಲಿ ಒಣಗಿಸಲಿ? ಒಣಗಿಸದ ಮೇಲೆ ಎಂಥ ಲಾಂಡ್ರಿ? ಅತ್ತೆ ಇಸ್ತ್ರಿ, ನಾನು ಒಗೆತ. ನಮ್ಮ ಹೊಟ್ಟೆ ನಡೆಯುವುದು ಇದರಲ್ಲೇ.
"ಹುಳ ಓಡಿಸಿದ್ರೆ ಮರ ಬಿಡ್ತೀರಾ ಸಾರ್?"
ನಕ್ಕರು. "ಏಪ್ರಿಲ್ ಹತ್ತರವರೆಗೆ ನೋಡು."

ಮಾರ್ಚ್ 7
ಸೋಪಿನ ನೀರು, ಹಳೆ ಹಲ್ಲುಜ್ಜೋ ಬ್ರಷ್ಷು. ಎಲೆ ಎಲೆ ಹಿಡಿದು ಉಜ್ಜಿದೆ.
"ಊರವರ ಬಟ್ಟೆ ಸಾಲ್ದು ಅಂತ ಮರಾನೂ ಒಗೀತಾಳಪ್ಪಾ ನಮ್ಮ ಸೊಸೆ!" ಅತ್ತೆ ಬೀದಿಗೆಲ್ಲ ಕೇಳುವಂತೆ.
ಗುಂಪಿನಲ್ಲಿ ಕೆಲವು ದೊಡ್ಡವು. ಮೈಯೆಲ್ಲ ಉದ್ದುದ್ದ ಬಿಳಿ ಜುಂಗು. ಉಳಿದವು ಕೂತಲ್ಲೇ ಕೂತರೆ ಇವು ಸರಸರ ಓಡುತ್ತವೆ. ಲೀಡರ್‌ಗಳು! ನಾನು ಹಿಂದೆ ಕೆಲಸಕ್ಕಿದ್ದ ಮಿಲ್ಲಿನಲ್ಲಿ ಸ್ಟ್ರೈಕ್ ಆದಾಗ ಮ್ಯಾನೇಜ್‌ಮೆಂಟ್ ಮೊದಲು ಕಿತ್ತುಹಾಕಿದ್ದು ನಮ್ಮ ಲೀಡರ್‌ಗಳನ್ನೇ. ನಾನೂ ಹಾಗೇ ಮಾಡಿದೆ. ಹುಡುಕಿ ಹುಡುಕಿ, ಒಂದೊಂದನ್ನೇ ಬಿಸಿ ನೀರಿಗೆ.

ಮಾರ್ಚ್ 16
ಮತ್ತೆ ಬಂದಿವೆ. ಮೊದಲಿಗಿಂತ ಜಾಸ್ತಿ. ಥೂ!
ಲೀಡರ್ ಇಲ್ಲದೆ ಹೇಗೆ ಬೆಳೆದವು? ತಲೆ ಕೆಟ್ಟಿತು. ಇಡೀ ಮರ ಹುಡುಕಿದರೆ ಜುಂಗಿನದು ಸಿಕ್ಕಿದ್ದು ಒಂದೇ. ಕೊಲ್ಲಲಿಲ್ಲ. ಗಂಟು ತುಂಬಿದ ಎಲೆಯ ಜೊತೆ ಗಾಜಿನ ಡಬ್ಬಿಗೆ ಹಾಕಿದೆ. ಏನು ಮಾಡುತ್ತದೋ ನೋಡೋಣ.

ಮಾರ್ಚ್ 17, ಬೆಳಿಗ್ಗೆ
ಎಲೆ ಖಾಲಿ! ಗಂಟುಗಳ ಹರಿದ ಹತ್ತಿ ಮಾತ್ರ ಇದೆ. ಜುಂಗಿನವನು ಕೊನೆಯ ಗಂಟಿಗೆ ಬಾಯಿ ಹಾಕಿ ಕೂತಿದ್ದಾನೆ.
ಅದು ಲೀಡರ್ ಅಲ್ಲ. ಇವುಗಳನ್ನು ತಿನ್ನಲು ಇವುಗಳದೇ ವೇಷ ಹಾಕಿ ಬಂದವನು. ವೇಷ ನೋಡಿ ಕೊಂದೆನಲ್ಲ. ಮ್ಯಾನೇಜ್‌ಮೆಂಟ್ ಬುದ್ಧಿ ನನ್ನ ಕೈಗೆ ಯಾವಾಗ ಬಂತು?

ಮಾರ್ಚ್ 30
ಡಬ್ಬಿಯವನು ಉಂಡು, ಮುದುಡಿ, ಗೂಡಾಗಿ ಕೂತಿದ್ದ. ಇವತ್ತು ಹೊರಬಂದ. ಕರಿ ಬೆನ್ನು, ಕಿತ್ತಳೆ ತಲೆ. ಗುಲಗಂಜಿ ಹುಳುವಿನ ಜಾತಿ! ಅತ್ತೆ ಕನ್ನಡಕ ಹಾಕಿ ನೋಡಿ, "ಅಯ್ಯೋ, ಮುದ್ದಾಗಿದೆ ಕಣೇ" ಎಂದರು. ಮರದಲ್ಲೂ ಅಂಥವೇ ನಾಲ್ಕಾರು ಹಾರಿ ಬಂದಿವೆ.
ಇದನ್ನೂ ಕೊಂಬೆಗೆ ಬಿಟ್ಟೆ. ಇರುವೆಗಳು ಮುತ್ತಿ ಕಚ್ಚಿ ಓಡಿಸಿದವು. ಸಿಹಿ ಕುಡಿಯುವವರಿಗೆ ಸಿಹಿ ಕೊಡುವವರು ಬೇಕು. ಕಾವಲು ಸುಮ್ಮನೆ ಅಲ್ಲ.

ಮಾರ್ಚ್ 31
ಕಾಂಡಕ್ಕೆ ಪ್ಲಾಸ್ಟಿಕ್ ಸುತ್ತಿ, ಸೈಕಲ್ ಶಾಪಿನ ಗ್ರೀಸ್ ಬಳಿದೆ. ಇರುವೆ ನಿಂತವು. ಗೆದ್ದೆ ಅಂದುಕೊಂಡೆ.
ಮಧ್ಯಾಹ್ನ ನೋಡಿದರೆ ಕೊಂಬೆ ತುಂಬ ಇರುವೆ! ಎಲ್ಲಿಂದ?
ನನ್ನ ಹಗ್ಗದಿಂದ. ಕಂಬ ಹತ್ತಿ, ಒದ್ದೆ ಬಟ್ಟೆಗಳ ಮೇಲೇ ಮೆರವಣಿಗೆ. ದಾರಿ ಹಾಕಿಕೊಟ್ಟವಳು ನಾನೇ.
ಹಗ್ಗ ಬಿಚ್ಚಿದೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಮರ ಉಳಿಸೋಕೆ ಅಂಗಡಿ ಮುಚ್ತೀಯೇನೇ?" ಕಣ್ಣು ತುಂಬಿತು.
ಮೇಲಿಂದ ನರ್ಸ್: "ಅಕ್ಕಾ, ನನ್ನ ಬಾಲ್ಕನೀಲಿ ಒಣಗ್ಸಿ. ಆದ್ರೆ ನನ್ನ ಯೂನಿಫಾರ್ಮ್ ಮೊದ್ಲು!"

ಏಪ್ರಿಲ್ 9
ಮರದ ಕೆಳಗೆ ಬಿಳಿ ಬೆಡ್‌ಶೀಟ್ ಹಾಸಿದ್ದೆ. ಸಂಜೆಗೆ ಎರಡು ಮೂರು ಅಂಟಿನ ಚುಕ್ಕಿ, ಅಷ್ಟೆ. ಜುಂಗಿನ ಮರಿಗಳು ಕೊಂಬೆ ಕೊಂಬೆಯಲ್ಲೂ.

ಏಪ್ರಿಲ್ 10
ಓನರ್ ಬಂದರು. ಜೊತೆಗೆ ಗರಗಸದವನು. ಬೆಡ್‌ಶೀಟ್ ತೋರಿಸಿದೆ. ಎಲೆ ತಿರುಗಿಸಿ ಎರಡು ಥರದ ಬಿಳಿ ಹುಳವನ್ನೂ ತೋರಿಸಿದೆ. ಕೂತಿರುವುದು ತಿಗಣೆ, ಓಡುವುದು ನಮ್ಮದು.
"ಹುಳ ಹೋಯ್ತು, ಸರಿ. ನನಗೆ ಗಾಡಿ ನಿಲ್ಲಿಸೋ ಜಾಗ ಬೇಕಲ್ಲಮ್ಮಾ?"
"ಹಾಗನ್ನಿ ಸಾರ್! ಮರಕ್ಕೆ ರೋಗ ಅಂತ ಯಾಕೆ ನೆಪ ಹೇಳಿದ್ರಿ? ಈಗ ಜಗಳ ಆಡೋಣ."
ಅತ್ತೆ ಇಸ್ತ್ರಿ ಟೇಬಲ್ಲನ್ನೇ ದರದರ ಎಳೆದು ತಂದು ಕಾಂಡಕ್ಕೆ ಒತ್ತಿ ನಿಲ್ಲಿಸಿದರು. ನರ್ಸ್ ಇಳಿದು ಬಂದು ಪಕ್ಕದಲ್ಲಿ ಕೂತಳು. ಗರಗಸದವನು, "ಸಾರ್, ನೀವು ಮಾತಾಡ್ಕೊಳ್ಳಿ," ಎಂದು ಗೇಟಿನಾಚೆ ಹೋದ.
"ಒಳಗೆ ಬಾ, ಮಾತಾಡೋಣ," ಎಂದರು ಓನರ್.
"ಇಲ್ಲೇ. ಎಲ್ಲರೆದುರಿಗೆ."
ಓನರ್ ಸ್ಟೂಲ್ ಎಳೆದು ಕೂತರು. ಮೇಲಿಂದ ಬಿಳಿಯದೊಂದು ಅವರ ತೋಳಿನ ಮೇಲೆ ಬಿತ್ತು. ಹೊಸಕಲು ಹೋದ ಬೆರಳು ನಿಂತಿತು.
"ಇದು... ಯಾವ ಕಡೇದು?"
ಬಗ್ಗಿ ನೋಡಿದೆ. ಓಡುತ್ತಿತ್ತು. "ನಮ್ಮ ಕಡೇದು ಸಾರ್."
ತೋಳನ್ನು ಹಾಗೇ ಎತ್ತಿ, ಎದ್ದು, ಎಲೆಗೆ ತಾಗಿಸಿದರು. ಅದು ಹತ್ತಿ ಮರೆಯಾಗುವವರೆಗೂ ನೋಡಿದರು. ಮತ್ತೆ ಕೂತರು.
"ಸರಿ, ನೀನೇ ಹೇಳು. ಗಾಡಿ ಎಲ್ಲಿ ನಿಲ್ಲಿಸ್ಲಿ?"
ಅತ್ತೆ ನನ್ನ ಮುಖ ನೋಡಿದರು. ನಾನು ಬಿಚ್ಚಿಟ್ಟಿದ್ದ ಹಗ್ಗ ತಂದು, ಮರದಿಂದ ಗೇಟಿನವರೆಗೆ ಜಾಗ ಅಳೆಯತೊಡಗಿದೆ.